ಅಕ್ಷರದತ್ತಾಂಶದ ಕಡತಗಳಲ್ಲಿ ಆವೃತ್ತಿಸಂಖ್ಯೆಗಳ ಪೌರ್ವಾಪರ್ಯ

1

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪೌರ್ವಾಪರ್ಯದ ಪ್ರಶ್ನೆ ಚಿರಪರಿಚಿತವಾದುದು. ಒಂದು ಕಾವ್ಯಕ್ಕೆ ಹಲವು ಓಲೆಯ ಪ್ರತಿಗಳು ದೊರೆತಾಗ ಅವುಗಳಲ್ಲಿ ಯಾವುದು ಮೊದಲಿನದು, ಯಾವುದು ಅನಂತರದ್ದು ಎಂಬುದನ್ನು ವಿಚಾರಿಸದೆ ಪಾಠನಿರ್ಣಯಕ್ಕೆ ಕೈಹಾಕುವುದು ಸಾಧುವಲ್ಲ. ಬಹುಪಾಲು ಪ್ರತಿಗಳಲ್ಲಿ ಲಿಪಿಕಾರನು ಕಾಲವನ್ನು ಬರೆದಿರುವುದಿಲ್ಲವಾದ ಕಾರಣ ಅಲ್ಲಿ ಕಷ್ಟವುಂಟಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವ ವಿಷಯದಲ್ಲಾದರೋ ಪ್ರತಿಯೊಂದು ಪ್ರತಿಯ ಹಣೆಯ ಮೇಲೂ ಸಂಖ್ಯೆ ಬರೆದೇ ಇದೆ. ಆದರೂ ಅವುಗಳ ಪೌರ್ವಾಪರ್ಯವನ್ನು ತಿಳಿಯುವುದರಲ್ಲಿ ತಪ್ಪುಗಳು ಆಗುತ್ತಲೇ ಇವೆ. ಸಂಖ್ಯೆ ಇದ್ದಮಾತ್ರಕ್ಕೆ ಕ್ರಮ ತಿಳಿದಂತಾಗಲಿಲ್ಲವೆಂಬುದನ್ನು ತೋರಿಸುವುದೂ, ಅದರಿಂದ ನಮ್ಮ ನುಡಿಯ ಅಕ್ಷರಗಳಿಗೇ ಒದಗುವ ಹಾನಿಯನ್ನು ಸ್ಪಷ್ಟಪಡಿಸುವುದೂ ಈ ಬರಹದ ಉದ್ದೇಶ.

ಗಣಕಯಂತ್ರದಲ್ಲಿ ಇಂದು ಕನ್ನಡವನ್ನು ಬರೆಯುವುದು, ಅಚ್ಚಿಗೆ ಸಿದ್ಧಪಡಿಸುವುದು, ಹುಡುಕುವುದು ಎಲ್ಲವೂ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯನ್ನು ಆಶ್ರಯಿಸಿದೆ. ಈ ವ್ಯವಸ್ಥೆಯ ಪ್ರತಿಯೊಂದು ಆವೃತ್ತಿಯೊಡನೆ ಅಕ್ಷರಗಳ ಲಕ್ಷಣಗಳನ್ನು ಹೇಳುವ ಅನೇಕ ಕಡತಗಳು ಪ್ರಕಟವಾಗುತ್ತವೆ. ಒಂದೊಂದು ಅಕ್ಷರದ ಹೆಸರು, ವರ್ಗ, ಸಂಯೋಗದ ರೀತಿ ಮೊದಲಾದವು ಅವುಗಳಲ್ಲಿ ಪಂಕ್ತಿಪಂಕ್ತಿಯಾಗಿ ನಿರೂಪಿತವಾಗಿವೆ. ಇವನ್ನು ಯೂನಿಕೋಡಿನ ಶಬ್ದಮಣಿದರ್ಪಣವೆಂದು ಕರೆದರೆ ಅತಿಯಾಗಲಾರದು. ಈ ಕಡತಗಳಲ್ಲಿ ‘ಡಿರೈವ್ಡ್ ಏಜ್’ ಎಂಬುದು ಒಂದು. ಪ್ರತಿಯೊಂದು ಅಕ್ಷರವೂ ಯಾವ ಆವೃತ್ತಿಯಲ್ಲಿ ವ್ಯವಸ್ಥೆಯೊಳಕ್ಕೆ ಬಂದಿತೆಂಬುದನ್ನು, ಎಂದರೆ ಅದರ ‘ವಯಸ್ಸ’ನ್ನು, ಅದು ತಿಳಿಸುತ್ತದೆ. ನಮ್ಮ ವಿಮರ್ಶೆಗೆ ಮುಖ್ಯವಾದ ಆಕರ ಈ ಕಡತವೇ.

2

ಕನ್ನಡದ ಮಟ್ಟಿಗೆ ಈ ಕಡತವು ಹೇಳುವ ಚರಿತ್ರೆ ಹೀಗಿದೆ. ಮೊದಲಿಗೆ 80 ಅಕ್ಷರಚಿಹ್ನೆಗಳು ಬಂದವು; ಇವುಗಳ ವಯಸ್ಸು 1.1. ಅನುಬಿಂದುವೂ ಅವಗ್ರಹವೂ 4.0ರಲ್ಲಿ (2003) ಸೇರಿದವು. ಌಕಾರ ೡಕಾರಗಳ ಎರಡು ಸ್ವರಚಿಹ್ನೆಗಳೂ ಜಿಹ್ವಾಮೂಲೀಯ ಉಪಧ್ಮಾನೀಯಗಳೂ 5.0ರಲ್ಲಿ (2006) ಬಂದವು. ಚಂದ್ರಬಿಂದು 7.0ರಲ್ಲಿ (2014), ಅದರ ಬಿಡಿಯಾಗಿ ನಿಲ್ಲುವ ರೂಪ 9.0ರಲ್ಲಿ (2016), ಸಿದ್ಧಂ ಚಿಹ್ನೆ 11.0ರಲ್ಲಿ (2018), ನಕಾರಪೊಲ್ಲು 14.0ರಲ್ಲಿ (2021), ಬಲಮೇಲ್ಗಡೆ ನಿಲ್ಲುವ ಅನುಸ್ವಾರ 15.0ರಲ್ಲಿ (2022) ಸೇರಿಕೊಂಡವು. ಹೀಗೆ 15.0ನೆಯ ಆವೃತ್ತಿಯ ವೇಳೆಗೆ ಕನ್ನಡದ ಪಾಲಿಗೆ 91 ಚಿಹ್ನೆಗಳಾದವು.

ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯಬೇಕು. ಕನ್ನಡವು 1991ರ ಮೊದಲನೆಯ ಆವೃತ್ತಿಯಲ್ಲಿಯೇ ಇದ್ದಿತು. ಆದರೆ ಈ ಕಡತವು ತನ್ನ ಎಣಿಕೆಯನ್ನು 1993ರ 1.1ರಿಂದ ಆರಂಭಿಸುತ್ತದೆ. ಆದಕಾರಣ ‘1.1’ ಎಂಬುದಕ್ಕೆ ‘1.1ರಲ್ಲಿ ಹೊಸದಾಗಿ ಬಂದುದು’ ಎಂದು ಅರ್ಥಮಾಡದೆ, ‘1.1ರಲ್ಲಿ ಅಥವಾ ಅದಕ್ಕೆ ಮುಂಚೆ ಬಂದುದು’ ಎಂದೇ ಅರ್ಥಮಾಡಬೇಕು. ಆಕರವು ಎಲ್ಲಿಂದ ಮಾತನಾಡತೊಡಗುತ್ತದೆ ಎಂಬುದನ್ನು ತಿಳಿಯದೆ ಅದರ ಮಾತಿಗೆ ಬೆಲೆ ಕಟ್ಟಲಾಗದು.

ಇಂತಹ ಕಡತವನ್ನು ಓದುವವನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೋಲಿಕೆಯ ಪ್ರಶ್ನೆಯೇ ಆಗಿರುತ್ತದೆ. “ನಮ್ಮ ಬಳಿ ಇರುವ ಅಚ್ಚಿನ ಮೊಳೆಗಳು 9.0ರವರೆಗಿನ ಅಕ್ಷರಗಳನ್ನು ಮಾತ್ರ ಬಲ್ಲವು, ಅವು ಯಾವುವು?” “ಈ ಪಠ್ಯವನ್ನು ಸಿದ್ಧಪಡಿಸಿದಾಗ ಇಲ್ಲದಿದ್ದ ಅಕ್ಷರಗಳು ಯಾವುವು?” ಯೂನಿಕೋಡಿನ 18ನೆಯ ತಾಂತ್ರಿಕ ಪ್ರಮಾಣಗ್ರಂಥವು ಪಠ್ಯಶೋಧನೆಯ ಸೂತ್ರಗಳನ್ನು ವಿವರಿಸುವಾಗಲೂ, ವಯಸ್ಸು 3.0 ಎಂದು ಕೇಳಿದಲ್ಲಿ 3.0ರಲ್ಲಿ ಬಂದವು ಮಾತ್ರವಲ್ಲದೆ ಆವರೆಗೆ ಬಂದವೆಲ್ಲವೂ ದೊರೆಯತಕ್ಕದ್ದೆಂದು ವಿಧಿಸುತ್ತದೆ. ಆದುದರಿಂದ ‘ಇದಕ್ಕಿಂತ ಅದು ಹಿಂದಿನದೋ ಮುಂದಿನದೋ’ ಎಂಬುದನ್ನು ತಿಳಿಯದೆ ಈ ಕಡತದಿಂದ ಯಾವ ಪ್ರಯೋಜನವನ್ನೂ ಪಡೆಯುವಂತಿಲ್ಲ.

3

ಈ ಹೋಲಿಕೆಯನ್ನು ಮಾಡುವಲ್ಲಿ ರೂಢಿಯಲ್ಲಿರುವ ಮಾರ್ಗಗಳು ಎರಡು. ಅವನ್ನು ಪೂರ್ವಪಕ್ಷಗಳಾಗಿ ಇಟ್ಟುಕೊಂಡು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ಪಕ್ಷ: ಕಡತದಲ್ಲಿ ಇರುವುದು ಅಕ್ಷರಗಳ ಸಾಲು, ‘11.0’ ಎಂಬುದೂ ಒಂದು ಅಕ್ಷರಗಳ ಸಾಲೇ. ಆದಕಾರಣ ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಇವುಗಳನ್ನೂ ಎಡದಿಂದ ಬಲಕ್ಕೆ ಒಂದೊಂದು ಚಿಹ್ನೆಯನ್ನಾಗಿ ಹೋಲಿಸಿದರೆ ಸಾಕು. ಕ್ರಮವಿಧಿಯನ್ನು ಬರೆಯುವವರಿಗೆ ಇದು ಅತ್ಯಂತ ಸುಲಭವಾದ ದಾರಿ. ಏಕೆಂದರೆ ಗಣಕದ ಭಾಷೆಗಳಲ್ಲಿ ಎರಡು ಪದಗಳನ್ನು ಹೋಲಿಸುವ ಉಪಾಯ ಸಿದ್ಧವಾಗಿಯೇ ಇರುತ್ತದೆ.

ಈ ಪಕ್ಷದ ದೋಷವನ್ನು ನಾವು ಪುಸ್ತಕದಿಂದಲ್ಲ, ನಮ್ಮ ತಪ್ಪಿನಿಂದಲೇ ಕಲಿತೆವು. ಒಂದು ಹಳಗನ್ನಡ ಪಠ್ಯದ ಪದಪ್ರಯೋಗಸೂಚಿಯನ್ನು ತಯಾರಿಸುವಾಗ, ಪಠ್ಯದಲ್ಲಿ ಬರಬಹುದಾದ ಕನ್ನಡದ ಚಿಹ್ನೆಗಳ ಪಟ್ಟಿಯನ್ನು 15.0ರವರೆಗಿನವು ಎಂಬ ನಿಯಮದಿಂದ ಕಡತದಿಂದಲೇ ಎತ್ತಿಕೊಂಡಿದ್ದೆವು. ಪಟ್ಟಿಯಲ್ಲಿ ಇಲ್ಲದ ಚಿಹ್ನೆಗಳನ್ನು ಕ್ರಮವಿಧಿಯು ಲಿಪಿಕಾರದೋಷವೆಂದು ಬಗೆದು ತೆಗೆದುಹಾಕುತ್ತಿದ್ದಿತು. ಸೂಚಿಯ ಕರಡನ್ನು ತಿದ್ದುವಾಗ ಅವಗ್ರಹವಿದ್ದ ಒಂದು ಸ್ಥಳದಲ್ಲಿಯೂ ಅವಗ್ರಹ ಉಳಿದಿರಲಿಲ್ಲ. ಪಟ್ಟಿಯನ್ನು ಎಣಿಸಿ ನೋಡಿದೆವು: 91 ಇರಬೇಕಾದಲ್ಲಿ 83 ಇದ್ದವು.

ಕಾರಣ ಸರಳವಾದುದು. ಚಿಹ್ನೆಚಿಹ್ನೆಯಾಗಿ ಹೋಲಿಸಿದಲ್ಲಿ ‘4.0’ ಎಂಬುದರ ಮೊದಲ ಚಿಹ್ನೆ 4, ‘15.0’ ಎಂಬುದರ ಮೊದಲ ಚಿಹ್ನೆ 1. ನಾಲ್ಕು ಒಂದಕ್ಕಿಂತ ದೊಡ್ಡದಾದ್ದರಿಂದ 4.0 ಎಂಬುದು 15.0ಕ್ಕಿಂತ ‘ಅನಂತರದ್ದು’ ಆಗುತ್ತದೆ. ಈ ಕ್ರಮದಲ್ಲಿ ಕನ್ನಡದ ಚರಿತ್ರೆಯು 1.1, 11.0, 14.0, 15.0, 4.0, 5.0, 7.0, 9.0 ಎಂದು ಜೋಡಣೆಗೊಳ್ಳುತ್ತದೆ. 2021ರಲ್ಲಿ ಬಂದ ನಕಾರಪೊಲ್ಲು 2003ರಲ್ಲಿ ಬಂದ ಅವಗ್ರಹಕ್ಕಿಂತ ಹಿರಿಯದೆನಿಸುತ್ತದೆ. ಅನುಬಿಂದು, ಅವಗ್ರಹ, ಎರಡು ಸ್ವರಚಿಹ್ನೆಗಳು, ಜಿಹ್ವಾಮೂಲೀಯ, ಉಪಧ್ಮಾನೀಯ, ಎರಡು ಬಗೆಯ ಚಂದ್ರಬಿಂದುಗಳು—ಈ ಎಂಟೂ ಪಟ್ಟಿಯಿಂದ ಬಿದ್ದುಹೋಗುತ್ತವೆ. ಮಿತಿಯನ್ನು 15.0 ಎನ್ನುವ ಬದಲು 10.0 ಎಂದು ಕೊಟ್ಟರೆ ಮೊದಲಿನ 80 ಮಾತ್ರ ಉಳಿಯುತ್ತವೆ, 88 ದೊರೆಯಬೇಕಾಗಿದ್ದಿತು. 9.0 ಎಂದು ಕೊಟ್ಟರೆ ತಪ್ಪು ತಿರುಗಿಬಿದ್ದು, 88ರ ಬದಲು 91ನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಒಂದೇ ದೋಷವು ಒಮ್ಮೆ ಲೋಪವಾಗಿಯೂ ಇನ್ನೊಮ್ಮೆ ಆಗಮವಾಗಿಯೂ ಕಾಣಿಸಿಕೊಳ್ಳುವುದು ಇದರ ವೈಶಿಷ್ಟ್ಯ.

ಇದಕ್ಕಿಂತಲೂ ಗಮನಾರ್ಹವಾದ ಅಂಶ ಮತ್ತೊಂದಿದೆ. 1991ರಿಂದ 2017ರವರೆಗೆ, ಎಂದರೆ 10.0ನೆಯ ಆವೃತ್ತಿ ಬರುವವರೆಗೆ, ಯೂನಿಕೋಡಿನ ಮುಖ್ಯಸಂಖ್ಯೆ ಒಂದಂಕಿಯದಾಗಿಯೇ ಇದ್ದಿತು. ಆ 26 ವರ್ಷಗಳ ಕಾಲ ಈ ತಪ್ಪುಮಾರ್ಗವು ಸರಿಯಾದ ಉತ್ತರವನ್ನೇ ಕೊಡುತ್ತಿದ್ದಿತು. ಆ ಅವಧಿಯಲ್ಲಿ ಬರೆದ ಕ್ರಮವಿಧಿಯನ್ನು ಯಾರು ಎಷ್ಟು ಸಲ ಪರೀಕ್ಷಿಸಿದ್ದರೂ ದೋಷ ಕಾಣುತ್ತಿರಲಿಲ್ಲ. ಬಹುಕಾಲ ಬಾಧಕವಿಲ್ಲದೆ ನಡೆದುಬಂದ ಪ್ರಯೋಗವನ್ನು ಸಾಧುವೆಂದು ನಂಬುವುದು ಸಹಜ. ಆದರೆ ಬಾಧಕವು ಬಾರದಿದ್ದುದಕ್ಕೆ ಪ್ರಯೋಗದ ಸಾಧುತ್ವವು ಕಾರಣವೋ, ಅಥವಾ ಸಂದರ್ಭವೇ ಒದಗದಿದ್ದುದು ಕಾರಣವೋ ಎಂಬುದನ್ನು ವಿವೇಚಿಸಬೇಕು.

4

ಎರಡನೆಯ ಪಕ್ಷದವರು ಹೇಳುವುದೇನೆಂದರೆ: ‘11.0’ ಎಂಬುದು ಸಂಖ್ಯೆಯಾಗಿ ಕಾಣುತ್ತದೆ. ಆದುದರಿಂದ ಅದನ್ನು ದಶಮಾಂಶವಾಗಿಯೇ ಓದಿ ಹೋಲಿಸಬೇಕು. ಹಾಗೆ ಮಾಡಿದರೆ ಮೇಲಣ ದೋಷ ಪರಿಹಾರವಾಗುವುದು ನಿಜ. ಡಿರೈವ್ಡ್ ಏಜ್ ಕಡತದ ವಯಸ್ಸುಗಳಿಗೆ ಇದುವರೆಗೆ ಈ ಮಾರ್ಗದಿಂದ ಒಂದು ತಪ್ಪು ಉತ್ತರವೂ ಬರುವುದಿಲ್ಲ. ಆದರೂ ಈ ಪಕ್ಷವನ್ನು ನಾವು ಒಪ್ಪಲಾರೆವು.

ನಮ್ಮ ಓದುಗರಿಗೆ ಪರಿಚಿತವಾದ ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ವಿಕ್ರಮಾರ್ಜುನವಿಜಯದಲ್ಲಿ 14 ಆಶ್ವಾಸಗಳಿವೆ. ಅದರಿಂದ ಪದ್ಯಗಳನ್ನು ನಿರ್ದೇಶಿಸುವಾಗ ಆಶ್ವಾಸದ ಸಂಖ್ಯೆಯನ್ನು ಮೊದಲು, ಪದ್ಯದ ಸಂಖ್ಯೆಯನ್ನು ಅನಂತರ ಬರೆಯುತ್ತೇವೆ. 2-9 ಎಂಬುದಾದ ಮೇಲೆ 2-10. 2-99 ಆದ ಮೇಲೆ 2-100. ಈ ಎರಡು ಸಂಖ್ಯೆಗಳ ನಡುವೆ ಅಡ್ಡಗೆರೆಯ ಬದಲು ಚುಕ್ಕೆಯನ್ನು ಇಟ್ಟರೂ ಕ್ರಮ ಬದಲಾಗುವುದಿಲ್ಲ. 2.10 ಎಂಬುದು ಎರಡನೆಯ ಆಶ್ವಾಸದ ಹತ್ತನೆಯ ಪದ್ಯವೇ ಹೊರತು ಎರಡೂ ಹತ್ತರಲ್ಲೊಂದು ಭಾಗವಲ್ಲ. ದಶಮಾಂಶವೆಂದು ಓದಿದವನಿಗೆ 2.10 ಮತ್ತು 2.1 ಒಂದೇ ಆಗಿ, ಹತ್ತನೆಯ ಪದ್ಯವು ಮೊದಲನೆಯ ಪದ್ಯದೊಡನೆ ಬೆರೆತುಹೋಗುತ್ತದೆ. ಆವೃತ್ತಿಸಂಖ್ಯೆಯ ಚುಕ್ಕೆಯೂ ಇಂತಹುದೇ. ಅದು ವಿಭಾಗಸೂಚಕ, ದಶಮಾಂಶಸೂಚಕವಲ್ಲ.

ಇದು ಬರಿಯ ಊಹೆಯಲ್ಲ. ಪೈಥಾನ್ ಎಂಬ ಗಣಕಭಾಷೆಯ 3.9ನೆಯ ಆವೃತ್ತಿಯ ಅನಂತರ 2021ರಲ್ಲಿ ಬಂದುದು 3.10. ಅದನ್ನು ದಶಮಾಂಶವಾಗಿ ಓದಿದ ಕ್ರಮವಿಧಿಗಳು 3.1 ಎಂದು ತಿಳಿದವು. ಮೊದಲ ಮೂರು ಚಿಹ್ನೆಗಳನ್ನು ಮಾತ್ರ ಕತ್ತರಿಸಿಕೊಳ್ಳುತ್ತಿದ್ದವುಗಳಿಗೂ 3.1 ಎಂದೇ ತೋರಿತು. ಯೂನಿಕೋಡಿನಲ್ಲಿ ಎರಡನೆಯ ಅಂಗವು ಈವರೆಗೆ ಒಂಬತ್ತನ್ನು ದಾಟಿಲ್ಲವಾದ್ದರಿಂದ ದಶಮಾಂಶದ ಮಾರ್ಗ ಅಲ್ಲಿ ಬದುಕಿಕೊಂಡಿದೆ. ಇದು ಮೊದಲ ಪಕ್ಷವು 26 ವರ್ಷ ಬದುಕಿದಂತೆಯೇ ಸರಿ. ಇದಲ್ಲದೆ ಯೂನಿಕೋಡಿನ ಪೂರ್ಣ ಆವೃತ್ತಿಸಂಖ್ಯೆಗೆ ಮೂರು ಅಂಗಗಳಿವೆ: ಮುಖ್ಯ, ಗೌಣ, ಪರಿಷ್ಕಾರ. 2.1.8, 2.1.9, 4.0.1 ಎಂಬ ಆವೃತ್ತಿಗಳು ಬಂದಿವೆ. ಎರಡು ಚುಕ್ಕೆಗಳಿರುವ ದಶಮಾಂಶವೆಂಬುದೇ ಇಲ್ಲ.

ಕೆಲವರು ಮುಖ್ಯಾಂಗವನ್ನು ಹತ್ತರಿಂದ ಗುಣಿಸಿ ಗೌಣಾಂಗವನ್ನು ಕೂಡಿಸುತ್ತಾರೆ. ಹಾಗೆ ಮಾಡಿದಲ್ಲಿ 2.10 ಎಂಬುದಕ್ಕೂ 3.0 ಎಂಬುದಕ್ಕೂ 30 ಎಂಬ ಒಂದೇ ಬೆಲೆ ಬರುತ್ತದೆ. ದಶಮಾಂಶಪಕ್ಷದ ದೋಷವೇ ಇಲ್ಲಿ ವೇಷ ಬದಲಿಸಿ ಬಂದಿದೆ.

ಹಾಗಾದರೆ ದಶಮಾಂಶವಾಗಿ ಓದುವುದು ಎಲ್ಲಿಯೂ ಯುಕ್ತವಲ್ಲವೇ ಎಂಬ ಪ್ರಶ್ನೆ ಏಳಬಹುದು. ಯುಕ್ತವಾದ ಸ್ಥಳವೂ ಇದೆ. ಡೊನಾಲ್ಡ್ ಕ್ನೂತ್ ರಚಿಸಿದ ಟೆಕ್ ಎಂಬ ಅಚ್ಚುಜೋಡಣೆಯ ಕ್ರಮವಿಧಿಯ ಆವೃತ್ತಿಸಂಖ್ಯೆಯು ಪರಿಷ್ಕಾರವಾದಂತೆಲ್ಲ ಪೈ ಎಂಬ ಗಣಿತಸಂಖ್ಯೆಗೆ ಒಂದೊಂದು ಅಂಕಿಯಷ್ಟು ಹತ್ತಿರವಾಗುತ್ತ ಹೋಗುತ್ತದೆ. 2021ರಲ್ಲಿ ಅದು 3.141592653 ಆಯಿತು. ಅಲ್ಲಿ ಚುಕ್ಕೆ ನಿಜವಾಗಿಯೂ ದಶಮಾಂಶದ ಚುಕ್ಕೆ. ಇದರಿಂದ ಸಿದ್ಧವಾಗುವುದೇನೆಂದರೆ, ಆವೃತ್ತಿಸಂಖ್ಯೆಯ ಅರ್ಥವು ಅದರ ಆಕಾರದಲ್ಲಿ ಇಲ್ಲ. ಅದನ್ನು ಇಟ್ಟವರ ವಿವಕ್ಷೆಯಲ್ಲಿದೆ. ಒಂದೇ ರೂಪದ ಎರಡು ಪದಗಳು ಸಂದರ್ಭಭೇದದಿಂದ ಬೇರೆಬೇರೆ ಅರ್ಥವನ್ನು ಕೊಡುವುದನ್ನು ಬಲ್ಲ ನಮಗೆ ಇದು ಹೊಸದೇನೂ ಅಲ್ಲ.

5

ಈಗ ಸಿದ್ಧಾಂತವನ್ನು ಹೇಳಬಹುದು. ಯೂನಿಕೋಡಿನ ಆವೃತ್ತಿಸಂಖ್ಯೆಯು ಪೂರ್ಣಾಂಕಗಳ ಒಂದು ಅನುಕ್ರಮ. ಅದನ್ನು ಮೊದಲು ಚುಕ್ಕೆಯಿರುವೆಡೆ ಬಿಡಿಸಬೇಕು. ಬಿಡಿಸಿದ ಒಂದೊಂದು ಅಂಗವನ್ನೂ ಪೂರ್ಣಾಂಕವಾಗಿ ಓದಬೇಕು. ಅನಂತರ ಮುಖ್ಯಾಂಗವನ್ನು ಮುಖ್ಯಾಂಗದೊಡನೆ, ಅದು ಸಮವಾದಲ್ಲಿ ಗೌಣಾಂಗವನ್ನು ಗೌಣಾಂಗದೊಡನೆ, ಅದೂ ಸಮವಾದಲ್ಲಿ ಪರಿಷ್ಕಾರಾಂಗವನ್ನು ಹೋಲಿಸಬೇಕು. ಪದಪ್ರಯೋಗಸೂಚಿಯನ್ನು ತಯಾರಿಸುವ ಪ್ರತಿಯೊಬ್ಬರೂ ಇದನ್ನು ಅರಿಯದೆಯೇ ಪಾಲಿಸುತ್ತಾರೆ: ಪದಗಳನ್ನು ಅಕಾರಾದಿಯಲ್ಲಿ ಜೋಡಿಸುತ್ತಾರೆ, ಒಂದೊಂದು ಪದದ ಮುಂದಿನ ಆಶ್ವಾಸ-ಪದ್ಯಗಳ ನಿರ್ದೇಶವನ್ನು ಎಣಿಕೆಯ ಕ್ರಮದಲ್ಲಿ ಜೋಡಿಸುತ್ತಾರೆ. ಒಂದೇ ಪುಟದಲ್ಲಿ ಎರಡು ಕ್ರಮಗಳು ಜಗಳವಿಲ್ಲದೆ ನಡೆಯುತ್ತವೆ. ಗಣಕಕ್ಕೆ ಆ ವಿವೇಕ ತಾನಾಗಿ ಬರುವುದಿಲ್ಲ, ನಾವು ಕೊಡಬೇಕು.

ಆದರೆ ಈ ಸೂತ್ರದೊಡನೆ ಕೆಲವು ಉಪವಿಧಿಗಳನ್ನು ಹೇಳದಿದ್ದರೆ ಕಾರ್ಯ ಪೂರ್ತಿಯಾಗದು.

ಒಂದನೆಯದು, ಅಂಗಗಳ ಕೊರತೆ. ವಯಸ್ಸನ್ನು ಹೇಳುವಾಗ ಕಡತವು ‘4.0’ ಎಂದು ಎರಡೇ ಅಂಗಗಳನ್ನು ಬರೆಯುತ್ತದೆ. ತನ್ನ ತಲೆಬರಹದಲ್ಲಿ ತನ್ನದೇ ಆವೃತ್ತಿಯನ್ನು ಮೂರು ಅಂಗಗಳಿಂದ ಹೇಳಿಕೊಳ್ಳುತ್ತದೆ. 4.0 ಮತ್ತು 4.0.0 ಎರಡೂ ಒಂದೇ. ಇಲ್ಲದ ಅಂಗವನ್ನು ಸೊನ್ನೆಯೆಂದು ಅಧ್ಯಾಹಾರ ಮಾಡಿಕೊಳ್ಳದಿದ್ದರೆ ಸಮವಾದವುಗಳು ಅಸಮವಾಗಿ ತೋರುತ್ತವೆ.

ಎರಡನೆಯದು, ಕರಡುಗಳು. ಹಿಂದೆ ಆವೃತ್ತಿಯು ಸಿದ್ಧವಾಗುತ್ತಿರುವಾಗ ಪ್ರಕಟವಾದ ಕಡತಗಳ ಹೆಸರಿನಲ್ಲಿ ಆವೃತ್ತಿಸಂಖ್ಯೆಯ ಕೊನೆಗೆ ಡಿ ಎಂಬ ಅಕ್ಷರವೂ ಕರಡಿನ ಸಂಖ್ಯೆಯೂ ಸೇರಿರುತ್ತಿದ್ದವು. ಬಾಲ ಉದ್ದವಾಗಿದ್ದರೂ ಕರಡು ಮುಗಿದ ಕಡತಕ್ಕಿಂತ ಹಿಂದಿನದೇ ಆಗಬೇಕು. ಡಿ5 ಮತ್ತು ಡಿ12 ಎಂಬವುಗಳಲ್ಲಿ ಡಿ5 ಮೊದಲಿನದು. ಇಂದು ಬಹುಜನಸಮ್ಮತವಾಗಿರುವ ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ನಿಯಮಾವಳಿಯೂ ಇಲ್ಲಿ ನೆರವಿಗೆ ಬಾರದು. ಅಕ್ಷರವೂ ಅಂಕಿಯೂ ಅಂಟಿಕೊಂಡಿರುವ ತುಣುಕನ್ನು ಅದು ಚಿಹ್ನೆಚಿಹ್ನೆಯಾಗಿಯೇ ಹೋಲಿಸುವುದರಿಂದ ಡಿ12ನ್ನು ಡಿ5ರ ಹಿಂದೆ ನಿಲ್ಲಿಸುತ್ತದೆ. ಒಂದು ಕಡೆ ಪ್ರಮಾಣವಾದ ಸೂತ್ರವನ್ನು ಇನ್ನೊಂದು ಕಡೆಯ ಲಕ್ಷ್ಯಕ್ಕೆ ಹಚ್ಚುವಾಗ ಎಚ್ಚರ ಬೇಕೆಂಬುದಕ್ಕೆ ಇದು ನಿದರ್ಶನ.

ಮೂರನೆಯದು, ಸಂಖ್ಯೆಯೇ ಇಲ್ಲದ ಬೆಲೆ. ಇನ್ನೂ ಅಕ್ಷರವನ್ನು ಗೊತ್ತುಮಾಡದಿರುವ ಸ್ಥಾನಗಳಿಗೆ ವಯಸ್ಸಿಲ್ಲ. ಆ ಸ್ಥಾನಗಳ ಬೆಲೆಯನ್ನು ಕಡತವು ಟಿಪ್ಪಣಿಯ ರೂಪದ ಒಂದು ಪಂಕ್ತಿಯಲ್ಲಿ ಹೇಳುತ್ತದೆ. ಟಿಪ್ಪಣಿಗಳನ್ನೆಲ್ಲ ಕಸವೆಂದು ಬಿಸುಡುವ ಓದುಗನಿಗೆ ಅದು ಕಾಣುವುದೇ ಇಲ್ಲ. ಕಂಡರೂ ಅದನ್ನು ಸೊನ್ನೆಯೆಂದು ಎಣಿಸಿದರೆ, ಹುಟ್ಟದೇ ಇರುವ ಅಕ್ಷರವು ಎಲ್ಲಕ್ಕಿಂತಲೂ ಹಳೆಯದಾಗಿಬಿಡುತ್ತದೆ. ಇದನ್ನು ಹೋಲಿಕೆಯಿಂದ ಹೊರಗಿಡುವುದೇ ಯುಕ್ತ.

ನಾಲ್ಕನೆಯದು, ಸಂಖ್ಯೆಗಳ ನಡುವಣ ಅಂತರ. ಇಮೋಜಿ ಎಂಬ ಚಿತ್ರಚಿಹ್ನೆಗಳ ಆವೃತ್ತಿಯು 2018ರಲ್ಲಿ 5.0ರಿಂದ ನೇರವಾಗಿ 11.0ಕ್ಕೆ ಹಾರಿತು, ಯೂನಿಕೋಡಿನ ಸಂಖ್ಯೆಯೊಡನೆ ಸರಿಹೊಂದಲೆಂಬುದೇ ಅದಕ್ಕೆ ಕಾರಣ. ನಡುವೆ ಐದು ಆವೃತ್ತಿಗಳು ಕಳೆದುಹೋದುವೆಂದು ಯಾರಾದರೂ ಹುಡುಕಹೊರಟರೆ ಅವರ ಶ್ರಮ ವ್ಯರ್ಥ. ಆವೃತ್ತಿಸಂಖ್ಯೆಯು ಹಿಂದುಮುಂದನ್ನು ಹೇಳುತ್ತದೆ. ಎಷ್ಟು ಹಿಂದು, ಎಷ್ಟು ಮುಂದು ಎಂಬುದನ್ನು ಹೇಳುವುದಿಲ್ಲ.

6

ಹೋಲಿಕೆ ಸರಿಯಾದ ಮೇಲೂ ಉಳಿಯುವ ಒಂದು ಪ್ರಶ್ನೆಯಿದೆ. ಅದು ಕನ್ನಡದವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಕೇಶಿರಾಜನು ಯೋಗವಾಹಗಳಲ್ಲಿ ಅನುಸ್ವಾರವಿಸರ್ಗಗಳೊಡನೆ ಜಿಹ್ವಾಮೂಲೀಯ ಉಪಧ್ಮಾನೀಯಗಳನ್ನೂ ಎಣಿಸಿರುವುದು ಎಲ್ಲರಿಗೂ ತಿಳಿದ ವಿಷಯ. ಈ ಎರಡನ್ನು ಯೂನಿಕೋಡು 2006ರಲ್ಲಿ 5.0ನೆಯ ಆವೃತ್ತಿಯಲ್ಲಿ ಸೇರಿಸಿಕೊಂಡಿತಾದರೂ ಅವುಗಳನ್ನು ಅಕ್ಷರಗಳ ವರ್ಗದಲ್ಲಿ ಇಡದೆ ‘ಇತರ ಚಿಹ್ನೆ’ಗಳ ವರ್ಗದಲ್ಲಿ ಇಟ್ಟಿತು. 2010ರ 6.0ನೆಯ ಆವೃತ್ತಿಯಲ್ಲಿ ಈ ತಪ್ಪನ್ನು ತಿದ್ದಿ ಅಕ್ಷರಗಳೆಂದು ಒಪ್ಪಿಕೊಳ್ಳಲಾಯಿತು.

ಇದರ ಪರಿಣಾಮ ಸಣ್ಣದಾಗಿರಲಿಲ್ಲ. ಅಂತರಜಾಲದ ತಾಣಗಳ ಹೆಸರಿನಲ್ಲಿ ಯಾವ ಅಕ್ಷರಗಳು ಬರಬಹುದೆಂಬುದನ್ನು ಈ ವರ್ಗಗಳಿಂದಲೇ ನಿರ್ಣಯಿಸುವುದರಿಂದ, ಅದುವರೆಗೆ ನಿಷಿದ್ಧವಾಗಿದ್ದ ಇವೆರಡೂ ಅನುಮತವಾದವು. ಹಿಂದಿನ ನಿರ್ಣಯವನ್ನು ಉಳಿಸಿಕೊಳ್ಳಲು ವಿಶೇಷವಿಧಿಯೊಂದನ್ನು ಮಾಡಬೇಕೆ ಎಂಬುದನ್ನು ಅಂತರಜಾಲದ ನಿಯಮಗಳನ್ನು ರೂಪಿಸುವ ಮಂಡಲಿಯು ವಿಚಾರಿಸಿ, ಬೇಡವೆಂದು 2011ರ ನವೆಂಬರಿನಲ್ಲಿ 6452ನೆಯ ಪತ್ರವಾಗಿ ಪ್ರಕಟಿಸಿತು. ಆ ಪತ್ರದಲ್ಲಿ ಚರ್ಚಿತವಾದ ಮೂರು ಅಕ್ಷರಗಳಲ್ಲಿ ಎರಡು ಇವೇ.

ಈಗ ಡಿರೈವ್ಡ್ ಏಜ್ ಕಡತವನ್ನು ನೋಡಿದರೆ ಇವುಗಳ ವಯಸ್ಸು 5.0 ಎಂದೇ ಇದೆ. ಹಾಗಿರುವುದು ನ್ಯಾಯವೂ ಹೌದು, ಪ್ರವೇಶವಾದದ್ದು ಆಗಲೇ. ಆದರೆ ‘ವಯಸ್ಸು 5.0ನ್ನು ಮೀರಿಲ್ಲ, ಆದುದರಿಂದ 5.0ನ್ನು ಬಲ್ಲ ಕ್ರಮವಿಧಿಯು ಇವುಗಳನ್ನು ಅಕ್ಷರಗಳೆಂದು ಬಲ್ಲದು’ ಎಂದು ಅನುಮಾನಿಸಿದರೆ ಅದು ಹೇತ್ವಾಭಾಸವಾಗುತ್ತದೆ. ಅಕ್ಷರದ ವಯಸ್ಸು ಬೇರೆ, ಅದರ ಲಕ್ಷಣವನ್ನು ಹೇಳುವ ಕಡತದ ಆವೃತ್ತಿ ಬೇರೆ. ಮೊದಲನೆಯದು ಕವಿಯ ಕಾಲವಿದ್ದಂತೆ; ಎರಡನೆಯದು ಪ್ರತಿಯ ಕಾಲವಿದ್ದಂತೆ. ಇವೆರಡನ್ನು ಬೆರಸಿ ಮಾಡಿದ ನಿರ್ಣಯ ಎಷ್ಟು ಅಪಾಯಕರವೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಬಿಡಿಸಿಹೇಳಬೇಕಾಗಿಲ್ಲ.

ಇಲ್ಲಿ ಕಡತಗಳ ಕರ್ತೃಗಳ ಮೇಲೂ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ವರ್ಗಗಳನ್ನು ಹೇಳುವ ಮೂಲಕಡತವಾದ ‘ಯೂನಿಕೋಡ್ ಡೇಟಾ’ದ ಒಳಗೆ ಎಲ್ಲಿಯೂ ಆವೃತ್ತಿಸಂಖ್ಯೆ ಬರೆದಿಲ್ಲ. ಉಳಿದ ಬಹುಪಾಲು ಕಡತಗಳಿಗೆ ತಲೆಬರಹವಿದೆ. ಎಲ್ಲಕ್ಕಿಂತ ಮುಖ್ಯವಾದ ಇದಕ್ಕೆ ಮಾತ್ರ ಇಲ್ಲ. ಹಳೆಯ ಕ್ರಮವಿಧಿಗಳು ತಲೆಬರಹವನ್ನು ನಿರೀಕ್ಷಿಸುವುದಿಲ್ಲವೆಂಬುದು ಇದಕ್ಕೆ ಸಮಾಧಾನವಾಗಬಹುದಾದರೂ, ಒಡನಾಡಿ ಕಡತಗಳಿಂದ ಬೇರ್ಪಟ್ಟು ಕೈಗೆ ಸಿಕ್ಕಿದ ಪ್ರತಿಯು ಮುಖಪತ್ರವಿಲ್ಲದ ಪುಸ್ತಕದಂತೆ ಆಗುತ್ತದೆ. ಅಂತಹ ಪ್ರತಿಯ ಕಾಲವನ್ನು ಒಳಗಿನ ಸಾಕ್ಷ್ಯದಿಂದಲೇ ನಿರ್ಣಯಿಸಬೇಕು: ಅವಗ್ರಹವಿದ್ದರೆ 4.0ಕ್ಕಿಂತ ಹಿಂದಿನದಲ್ಲ; ಜಿಹ್ವಾಮೂಲೀಯವು ಚಿಹ್ನೆಯ ವರ್ಗದಲ್ಲಿದ್ದರೆ 5.0ಕ್ಕಿಂತ ಹಿಂದಿನದೂ ಅಲ್ಲ, 6.0ರಷ್ಟು ಈಚಿನದೂ ಅಲ್ಲ.

7

ಇಷ್ಟು ವಿವೇಚನೆಯಿಂದ ಫಲಿಸಿದ್ದನ್ನು ಸಂಗ್ರಹಿಸುವುದಾದರೆ: ಆವೃತ್ತಿಸಂಖ್ಯೆಯನ್ನು ಪದವೆಂದಾಗಲಿ ದಶಮಾಂಶವೆಂದಾಗಲಿ ತಿಳಿಯದೆ, ಅದನ್ನು ಇಟ್ಟವರ ವಿವಕ್ಷೆಯಂತೆ ಬಿಡಿಸಿ ಓದಿದ ಮೇಲೆಯೇ ಹೋಲಿಸತಕ್ಕದ್ದು. ಕ್ರಮವಿಧಿಯನ್ನು ನಂಬುವ ಮುನ್ನ ಅದಕ್ಕೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. 9.0 ಮತ್ತು 10.0ರಲ್ಲಿ ಯಾವುದು ಮೊದಲಿನದು? 2.9 ಮತ್ತು 2.10ರಲ್ಲಿ ಯಾವುದು ಮೊದಲಿನದು? 4.0 ಮತ್ತು 4.0.0 ಸಮವೇ? ವಯಸ್ಸಿಲ್ಲದ ಸ್ಥಾನವನ್ನು ಏನೆಂದು ತಿಳಿಯುತ್ತದೆ? ಈ ನಾಲ್ಕಕ್ಕೂ ಸರಿಯುತ್ತರ ಬಾರದಿದ್ದಲ್ಲಿ, ಅದು ಇದುವರೆಗೆ ಸರಿಯಾಗಿ ನಡೆದಿದೆಯೆಂಬ ಮಾತನ್ನು ಪ್ರಮಾಣವೆಂದು ಸ್ವೀಕರಿಸಲಾಗದು.

ಇವು ಗಣಕಶಾಸ್ತ್ರದವರ ವಿಷಯ, ಭಾಷಾವಿಭಾಗಕ್ಕೆ ಇವುಗಳಿಂದೇನು ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಆ 83ರ ಪಟ್ಟಿಯಿಂದ ಬಿದ್ದುಹೋದದ್ದು ಬೇರೆ ಯಾರ ಅಕ್ಷರವೂ ಅಲ್ಲ. ಯಂತ್ರವು ಯಾವ ದೂರನ್ನೂ ಹೇಳದೆ ಅವಗ್ರಹವನ್ನು ಅಳಿಸಿ ಪುಟವನ್ನು ಚೊಕ್ಕಟವಾಗಿಯೇ ಒಪ್ಪಿಸಿತು. ಅಳಿದದ್ದು ಕಂಡದ್ದು, ಅಲ್ಲಿ ಏನಿರಬೇಕೆಂಬುದನ್ನು ಬಲ್ಲ ಓದುಗನೊಬ್ಬನು ಕರಡನ್ನು ಮೂಲದೊಡನೆ ಇಟ್ಟು ನೋಡಿದಾಗ. ಆ ಕೆಲಸ ಇಂದಿಗೂ ನಮ್ಮದೇ ಆಗಿದೆ.